ಹಾಲಿನ ಡೇರಿಯೂ ಕೆಲಸದ ಸ್ಥಳ: ಮಹಿಳಾ ಸದಸ್ಯರು ತಿಳಿದಿರಬೇಕಾದ ಒಂದು ಕಾನೂನು



ಈ ಪತ್ರಿಕೆಯಲ್ಲಿ ನಾನು ಬರೆಯುವುದೆಲ್ಲ ಸಾಮಾನ್ಯವಾಗಿ ದನಕರುಗಳ ವಿಷಯ. ಕೆಚ್ಚಲು ಬಾವು, ಕಾಲುಬಾಯಿ ಜ್ವರದ ಲಸಿಕೆ, ಬೆದೆ ಗುರುತಿಸುವುದು, ಕರುವಿಗೆ ಗಿಣ್ಣದ ಹಾಲು ಕುಡಿಸುವುದು ಇತ್ಯಾದಿ. ಈ ಸಲವೂ ಹಾಲಿನ ಡಿಗ್ರಿಯಿಂದಲೇ ಆರಂಭಿಸುತ್ತೇನೆ. ಆದರೆ ಲೇಖನ ಹೋಗಿ ಮುಟ್ಟುವುದು ಬೇರೆ ಕಡೆ. ಇದು ಹೆಂಗಸರ ವಿಷಯವೆಂದು ಗಂಡಸರು ಪುಟ ತಿರುವಬಾರದಾಗಿ ಕೋರುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ವ್ಯಾಪ್ತಿಯ ಒಂದು ಸಂಘದಿಂದ ಕರೆ ಬಂತು. ಸದಸ್ಯೆಯೊಬ್ಬರ ಹಾಲು ಬೆಳಗಿನ ಹೊತ್ತು ಡಿಗ್ರಿ ಬರುತ್ತಿಲ್ಲ, ವಾರದಲ್ಲಿ ಮೂರು ನಾಲ್ಕು ದಿನ ವಾಪಸು ಹೋಗುತ್ತಿದೆ, ನೀರು ಬೆರೆಸಿಲ್ಲವೆಂದು ಆಕೆ ಆಣೆ ಮಾಡುತ್ತಾರೆ, ಬಂದು ಹಸು ನೋಡಿ ಎಂದರು. ಹೋದೆ. ಎರಡನೇ ಸೂಲಿನ ಎಚ್.ಎಫ್. ಮಿಶ್ರತಳಿ ಹಸು, ಕರು ಹಾಕಿ ಮೂರು ತಿಂಗಳಾಗಿತ್ತು. ನಾಲ್ಕೂ ಮೊಲೆಗಳ ಹಾಲನ್ನು ಕೆಚ್ಚಲು ಬಾವಿನ ದ್ರಾವಣದಲ್ಲಿ ಪರೀಕ್ಷಿಸಿದೆ, ಏನೂ ಕಾಣಲಿಲ್ಲ. ಮಳೆಗಾಲವಾದ್ದರಿಂದ ಎಳೆಯ ಹಸಿಹುಲ್ಲು ಜಾಸ್ತಿ, ಒಣಮೇವು ಕಡಿಮೆ. ಸರಿ, ಕಾರಣ ಸಿಕ್ಕಿತು ಎಂದುಕೊಂಡೆ. ರಾಗಿಹುಲ್ಲು ಹೆಚ್ಚಿಸಿ, ಪಶು ಆಹಾರ ತಪ್ಪಿಸಬೇಡಿ, ಖನಿಜ ಮಿಶ್ರಣ ಕೊಡಿ ಎಂದು ಹೇಳಿ ಬೈಕಿನ ಕಡೆ ನಡೆದೆ. ಆಗ ಆ ಹೆಣ್ಣುಮಗಳು ಹಿಂದೆಯೇ ಬಂದು ಹೇಳಿದರು:

"ನಮ್ಮತ್ತೆ ತಗೊಂಡ್ ಹೋದ ದಿವ್ಸ ಡಿಗ್ರಿ ಬರ್ತದೆ ಡಾಕ್ಟ್ರೇ. ನಾನ್ ಹೋದ್ರೆ ಬರಕಿಲ್ಲ."

"ನಿಮ್ಮತ್ತೆ ಕೈಗುಣ ಚೆನ್ನಾಗಿದೆ ಕಣಮ್ಮ" ಎಂದು ನಾನು ನಕ್ಕೆ. ಆಕೆ ನಗಲಿಲ್ಲ. ಮೂರು ತಿಂಗಳ ಮೇಲೆ ಆ ಸಂಘದ ಲೆಕ್ಕ ನೋಡುವಾಗ ಆಕೆ ಹಾಲು ಹಾಕುವುದನ್ನು ನಿಲ್ಲಿಸಿರುವುದು ಕಂಡಿತು. ವಿಚಾರಿಸಿದಾಗ ಹಸು ಮಾರಿಬಿಟ್ಟರು ಎಂದು ಗೊತ್ತಾಯಿತು. ಅಷ್ಟಕ್ಕೆ ಆ ವಿಷಯವನ್ನು ನಾನು ಬಿಟ್ಟೆ.

ಹಾಲಿನ ಗುಣ ಬಲ್ಲವನಾಗಿ ನಾನು ಬಿಡಬಾರದಿತ್ತು. ಹಾಲಿನ ಜಿಡ್ಡು ಹೊತ್ತಿನಿಂದ ಹೊತ್ತಿಗೆ ಏರಿಳಿಯುತ್ತದೆ ಎಂಬುದು ನಿಮಗೆಲ್ಲ ತಿಳಿದದ್ದೇ. ಸಂಜೆಯಿಂದ ಬೆಳಗಿನವರೆಗೆ ಅಂತರ ಹೆಚ್ಚಾದ್ದರಿಂದ ಬೆಳಗಿನ ಹಾಲು ಪ್ರಮಾಣದಲ್ಲಿ ಹೆಚ್ಚು, ಜಿಡ್ಡಿನಲ್ಲಿ ತುಸು ಕಡಿಮೆ. ಕೊನೆಯ ಹಾಲು ಹಿಂಡದೆ ಬಿಟ್ಟರೂ ಜಿಡ್ಡು ಇಳಿಯುತ್ತದೆ. ಆದರೆ ಜಿಡ್ಡಲ್ಲದ ಘನಾಂಶ, ಅಂದರೆ ನಾವು ಎಸ್.ಎನ್.ಎಫ್. ಎನ್ನುವುದು, ಹಾಗೆ ದಿನಕ್ಕೊಂದು ಆಟವಾಡುವುದಿಲ್ಲ. ಮೇವು ಕೆಟ್ಟರೆ, ಕೆಚ್ಚಲು ಬಾವು ಬಂದರೆ ಇಳಿಯುತ್ತದೆ. ಇಳಿದರೆ ಬೆಳಿಗ್ಗೆಯೂ ಸಂಜೆಯೂ ಇಳಿಯುತ್ತದೆ, ಸೊಸೆ ಒಯ್ದರೂ ಅತ್ತೆ ಒಯ್ದರೂ ಇಳಿಯುತ್ತದೆ. ಹಸುವಿಗೆ ಕ್ಯಾನು ಯಾರು ಹೊರುತ್ತಾರೆಂಬುದು ಗೊತ್ತಿಲ್ಲ.

ಲ್ಯಾಕ್ಟೋಮೀಟರನ್ನು ಓದುವುದು ಮನುಷ್ಯನ ಕಣ್ಣು. 28ನ್ನು 26 ಎಂದು ಕೂಗಿದರೆ ಸಾಲಿನಲ್ಲಿ ಹಿಂದೆ ನಿಂತವರಿಗೆ ತಿಳಿಯುವುದಿಲ್ಲ. ಆಗತಾನೇ ಕರೆದ ಬಿಸಿ ಹಾಲಿಗೆ ಅದ್ದಿದರೂ ಅಂಕಿ ಕಡಿಮೆ ತೋರುತ್ತದೆ. ಹಾಲನ್ನು ಚೆನ್ನಾಗಿ ಕದಡದೆ ತಳದಿಂದ ಮಾದರಿ ತೆಗೆದರೆ ಜಿಡ್ಡು ಕಡಿಮೆ ಬರುತ್ತದೆ. ಪರೀಕ್ಷಕನ ಕೈಯಲ್ಲಿ ಇಷ್ಟೊಂದು ಅಧಿಕಾರವಿದೆ. ಒಂದು ಮನೆಯ ಸಂಘದ ಸಾಲದ ಕಂತು, ಮಕ್ಕಳ ಫೀಸು, ಅಂಗಡಿ ಬಾಕಿ ಎಲ್ಲವೂ ಆ ಅಂಕಿಯ ಮೇಲೆ ನಿಂತಿರುತ್ತದೆ. ಬಹುಪಾಲು ಪರೀಕ್ಷಕರು ಪ್ರಾಮಾಣಿಕರು, ಕಡಿಮೆ ಸಂಬಳಕ್ಕೆ ಕತ್ತಲಲ್ಲೆದ್ದು ದುಡಿಯುವವರು. ಅವರ ಮೇಲೆ ಗೂಬೆ ಕೂರಿಸುವುದು ನನ್ನ ಉದ್ದೇಶವಲ್ಲ.

ಎರಡು ವರ್ಷ ಕಳೆದ ಮೇಲೆ ಅದೇ ಸಂಘದ ಇನ್ನೊಬ್ಬ ಸದಸ್ಯೆ ಕೃತಕ ಗರ್ಭಧಾರಣೆಗೆಂದು ನನ್ನನ್ನು ಕರೆಸಿದರು. ಕೆಲಸ ಮುಗಿದ ಮೇಲೆ ಒಳಗಿನಿಂದ ಮಗನ ಹಳೆಯ ನೋಟುಪುಸ್ತಕವೊಂದನ್ನು ತಂದು ಕೊಟ್ಟರು. ಅದರಲ್ಲಿ ಒಂಬತ್ತು ವಾರಗಳ ಲೆಕ್ಕ. ತಾರೀಖು, ಹೊತ್ತು, ಲೀಟರು, ಡಿಗ್ರಿ. ಕೆಲವು ತಾರೀಖುಗಳ ಮುಂದೆ ಒಂದು ಚುಕ್ಕೆ. ಸಂಜೆಯದೆಲ್ಲ 28, 28.5. ಬೆಳಗಿನದು 25, 26, ವಾಪಸು, 25, ವಾಪಸು. ಚುಕ್ಕೆ ಇಟ್ಟ ಬೆಳಗುಗಳಲ್ಲಿ ಮಾತ್ರ 28.

"ಚುಕ್ಕೆ ಏನಮ್ಮ?" ಎಂದೆ.

"ಅವತ್ತು ನನ್ ಮಗ ತಗೊಂಡ್ ಹೋಗಿದ್ದ. ಯಾವ್ ಹಸು ಹಿಂಗ್ ಹಾಲ್ ಕೊಡ್ತದೆ, ನೀವೇ ಹೇಳಿ ಡಾಕ್ಟ್ರೇ."

ಆಮೇಲೆ ಆಕೆ ಹೇಳಿದ್ದು ಹತ್ತು ಹನ್ನೆರಡು ಮಾತು. ಬೆಳಗಿನ ಐದೂವರೆಗೆ ಪರೀಕ್ಷಕ ಒಬ್ಬನೇ ಇರುತ್ತಾನೆ, ಕಾರ್ಯದರ್ಶಿ ಬರುವುದು ತಡ. ಕ್ಯಾನು ಕೊಡುವಾಗ ಕ್ಯಾನಿನ ಬದಲು ಕೈ ಹಿಡಿಯುತ್ತಾನೆ. ಮೊದಲು ಕೈ ತಗುಲಿತೆಂದುಕೊಂಡರು. ಆಮೇಲೆ ಮೊಬೈಲಿಗೆ ಸಂದೇಶ. ಆಮೇಲೆ, ಹಾಲಿನ ರೂಮಿಗೆ ಮಧ್ಯಾಹ್ನ ಒಬ್ಬಳೇ ಬಾ, ನಿನ್ನ ಡಿಗ್ರಿ ಎಲ್ಲ ನಾನು ನೋಡಿಕೊಳ್ಳುತ್ತೇನೆ ಎಂಬ ಮಾತು. ಬರುವುದಿಲ್ಲ ಎಂದ ಮಾರನೇ ದಿನದಿಂದ ಡಿಗ್ರಿ ಬಿತ್ತು.

ಆಗ ನನಗೆ ಮೊದಲಿನ ಹೆಣ್ಣುಮಗಳು ಹಸು ಮಾರಿದ ಕಾರಣ ತಿಳಿಯಿತು. ಆಕೆ ನನಗೆ ಹೇಳಿಯೇ ಇದ್ದರು. ನಾನು ಅದನ್ನು ತಮಾಷೆ ಮಾಡಿದ್ದೆ.

ಊರು, ವರ್ಷ, ಹೆಸರು ನಾನು ಹೇಳುವುದಿಲ್ಲ. ಕೆಲವು ವಿವರಗಳನ್ನು ಬೇಕೆಂದೇ ಮರೆಮಾಡಿದ್ದೇನೆ. ದೂರು ಕೊಟ್ಟವರ, ಆರೋಪಿಯ, ಸಾಕ್ಷಿಗಳ ಗುರುತು ಬಹಿರಂಗಪಡಿಸಕೂಡದೆಂದು ಕಾನೂನೇ ಹೇಳುತ್ತದೆ. ಗುರುತು ಬಿಟ್ಟುಕೊಡದೆ, ನ್ಯಾಯ ಸಿಕ್ಕಿತೆಂಬುದನ್ನು ತಿಳಿಸಲು ಅಡ್ಡಿಯಿಲ್ಲ. ಅಷ್ಟನ್ನು ತಿಳಿಸುತ್ತೇನೆ.

ಆಕೆಯ ಗಂಡ ಒಳ್ಳೆಯವನೇ. ಆದರೆ ಅವನ ಮೊದಲ ಮಾತು, "ನೀನು ಡೇರಿಗೆ ಹೋಗಬೇಡ, ನಾನೇ ಹಾಕ್ತೀನಿ" ಎಂಬುದು. ಅದಕ್ಕೆ ಆಕೆ ಕೊಟ್ಟ ಉತ್ತರ ನನಗೆ ಇಂದಿಗೂ ನೆನಪಿದೆ. "ಹಸು ನನ್ ಹೆಸರಲ್ಲಿದೆ, ಸಾಲ ನನ್ ಹೆಸರಲ್ಲಿದೆ, ಪಾಸ್ ಪುಸ್ತಕ ನಂದು. ತಪ್ಪು ಮಾಡಿದ್ದು ಅವನು. ನಾನ್ಯಾಕೆ ಮನೇಲಿರ್ಲಿ?" ಮೊದಲು ಸಂಘದ ಅಧ್ಯಕ್ಷರ ಬಳಿಗೆ ಹೋದರು. ಅವರು ನಾಲ್ಕು ಜನ ಹಿರಿಯರನ್ನು ಕೂರಿಸಿ, ಹುಡುಗ ತಪ್ಪಾಯಿತೆನ್ನಲಿ, ಐದು ಸಾವಿರ ಕೊಡಲಿ, ಊರ ಮರ್ಯಾದೆ ಊರಲ್ಲೇ ಇರಲಿ ಎಂದು ತೀರ್ಮಾನಿಸಿದರು. ಆಕೆ ಒಪ್ಪಲಿಲ್ಲ. ಅಂಗನವಾಡಿ ಕಾರ್ಯಕರ್ತೆಯೊಬ್ಬರನ್ನು ಜೊತೆ ಮಾಡಿಕೊಂಡು ತಾಲ್ಲೂಕು ಕೇಂದ್ರಕ್ಕೆ ಹೋಗಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ, ಲಿಖಿತ ದೂರು ಕೊಟ್ಟರು. ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಯಿತು.

ಹಾಲಿಗೆ ನೀರು ಬೆರೆಸಿ ಸಿಕ್ಕಿಬಿದ್ದ ಸಿಟ್ಟಿಗೆ ತನ್ನ ಮೇಲೆ ಸುಳ್ಳು ಹೇಳುತ್ತಿದ್ದಾಳೆ ಎಂಬುದು ಪರೀಕ್ಷಕನ ವಾದ. ಹಾಗಾಗಿ ಹಾಲಿನ ವಿಷಯ ತಿಳಿಸಲು ನನ್ನನ್ನು ಕರೆದರು. ಹೊರಡುವ ಮುನ್ನ, "ನಿಮಗೇಕೆ ಸಾರ್ ಊರ ಉಸಾಬರಿ" ಎಂದು ಹೇಳಿದವರು ಒಬ್ಬಿಬ್ಬರಲ್ಲ. ಆ ನೋಟುಪುಸ್ತಕ ಮತ್ತು ಸಂಘದ ದಾಖಲೆ ಎರಡನ್ನೂ ಪಕ್ಕದಲ್ಲಿಟ್ಟು, ಒಂದೇ ಹಸುವಿನ ಹಾಲು ಹೀಗೆ ಏರಿಳಿಯಲಾರದೆಂದು ಹೇಳಿದೆ. ಹಿಂದೆ ಇಂಥ ದೂರು ಬಂದಿತ್ತೇ ಎಂದು ಕೇಳಿದರು. ಬಂದಿತ್ತು, ನನಗೆ ಅರ್ಥವಾಗಲಿಲ್ಲ ಎಂದೆ. ನನ್ನ ಭೇಟಿ ಪುಸ್ತಕದಲ್ಲಿ ಆ ದಿನದ ಮುಂದೆ "ಮೇವು ಬದಲಾವಣೆ ಸೂಚಿಸಿದೆ" ಎಂದಷ್ಟೇ ಇತ್ತು. ವಿಚಾರಣೆ ಮೂರು ತಿಂಗಳೊಳಗೆ ಮುಗಿಯಿತು. ಸಮಿತಿಯ ಶಿಫಾರಸಿನಂತೆ ಆಡಳಿತ ಮಂಡಳಿ ಪರೀಕ್ಷಕನನ್ನು ಕೆಲಸದಿಂದ ತೆಗೆಯಿತು, ಆದರೆ ಹಾಗೆ ಮಾಡಲು ಕಾನೂನು ಕೊಟ್ಟ ಎರಡು ತಿಂಗಳನ್ನೂ ಪೂರ್ತಿ ತೆಗೆದುಕೊಂಡಿತು. ನಾಲ್ಕಾರು ಮನೆಯವರು ಆಕೆಯ ಜೊತೆ ಇಂದಿಗೂ ಮಾತು ಬಿಟ್ಟಿದ್ದಾರೆ. ಆಕೆ ಮಾತ್ರ ದಿನಕ್ಕೆರಡು ಸಲ ಸಾಲಿನಲ್ಲಿ ನಿಂತು ಹಾಲು ಹಾಕುತ್ತಿದ್ದಾರೆ.

ಕಾನೂನು ಬಂದ ಬಗೆ

ಆಕೆಗೆ ನೆರವಾದ ಈ ಕಾನೂನನ್ನು ಯಾವ ಸರ್ಕಾರವೂ ತಾನಾಗಿ ಕೊಟ್ಟದ್ದಲ್ಲ. ಅದರ ಮೂಲ ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿದೆ. ಜೈಪುರದಿಂದ ಐವತ್ತು ಕಿಲೋಮೀಟರಿಗೆ ಸ್ವಲ್ಪ ಮೇಲೆ. ಅಲ್ಲಿನ ಭಂವರಿ ದೇವಿ ಎಂಬವರು ಕುಂಬಾರ ಮನೆತನದ ಹೆಣ್ಣುಮಗಳು. 1985ರಿಂದ ರಾಜ್ಯ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ 'ಸಾಥಿನ್' ಆಗಿ, ಅಂದರೆ ಹಳ್ಳಿಯ ಹೆಂಗಸರ ಜೊತೆಗಾರ್ತಿಯಾಗಿ, ಅಲ್ಪ ಗೌರವಧನಕ್ಕೆ ದುಡಿಯುತ್ತಿದ್ದರು. ನಮ್ಮಲ್ಲಿನ ಅಂಗನವಾಡಿ, ಆಶಾ ಕಾರ್ಯಕರ್ತೆಯರಂತೆ ಎನ್ನಬಹುದು. 1992ರಲ್ಲಿ ಬಾಲ್ಯವಿವಾಹ ತಡೆಯುವ ಕೆಲಸ ವಹಿಸಲಾಯಿತು. ಊರಿನ ಪ್ರಬಲ ಕುಟುಂಬವೊಂದು ವರ್ಷವೂ ತುಂಬದ ಹಸುಗೂಸಿಗೆ ಮದುವೆ ಮಾಡಹೊರಟಾಗ ಅವರು ತಡೆಯಲು ಹೋದರು. ಪೊಲೀಸರು ಬಂದು ಹೋದರು, ಮದುವೆ ರಾತ್ರೋರಾತ್ರಿ ನಡೆದೇ ಹೋಯಿತು. ಕೋಪ ಮಾತ್ರ ಭಂವರಿ ದೇವಿಯವರ ಮೇಲೆ ಉಳಿಯಿತು.

ಊರಿನವರು ಅವರ ಮನೆಗೆ ಬಹಿಷ್ಕಾರ ಹಾಕಿದರು. ಅವರ ಮಡಕೆ ಕೊಳ್ಳುವುದನ್ನು ಬಿಟ್ಟರು. ಅವರ ಮನೆಗೆ ಹಾಲು ಮಾರುವುದನ್ನೂ ನಿಲ್ಲಿಸಿದರು. ಹಾಲು ಮಾರುವ ನಾವು ಇದನ್ನು ಗಮನಿಸಬೇಕು. ಸೆಪ್ಟೆಂಬರ್ 22ರಂದು ಗಂಡ ಹೆಂಡತಿ ಹೊಲದಲ್ಲಿದ್ದಾಗ ಐವರು ಬಂದು ಗಂಡನನ್ನು ಬಡಿದು ಕೆಡವಿದರು. ಭಂವರಿ ದೇವಿಯವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಅವರು ಬಾಯಿ ಮುಚ್ಚಿಕೊಂಡಿರಲಿಲ್ಲ. ಪೊಲೀಸ್ ಠಾಣೆ, ಆಸ್ಪತ್ರೆ ಎಂದು ಅಲೆದರು. ವೈದ್ಯಕೀಯ ಪರೀಕ್ಷೆಯಾಗಲು ಎರಡು ದಿನಕ್ಕೂ ಹೆಚ್ಚು ಹಿಡಿಯಿತು. 1995ರ ನವೆಂಬರಿನಲ್ಲಿ ಜೈಪುರದ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು.

ಅವರ ಸ್ವಂತ ಮೊಕದ್ದಮೆಯಲ್ಲಿ ಹೀಗಾಯಿತು. ಆದರೆ ಜೈಪುರದ 'ವಿಶಾಖಾ' ಸಂಸ್ಥೆ ಮತ್ತು ಇತರ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿನ ಮುಂದೆ ಬೇರೆಯದೇ ಪ್ರಶ್ನೆ ಇಟ್ಟವು. ಸರ್ಕಾರದ ಕೆಲಸ ಮಾಡುವಾಗ ಹೆಣ್ಣಿಗೆ ಒದಗುವ ಅಪಾಯಕ್ಕೆ ಹೊಣೆ ಯಾರು? ಕೆಲಸ ಕೊಟ್ಟವರಿಗೆ ಯಾವ ಜವಾಬ್ದಾರಿಯೂ ಇಲ್ಲವೇ? 1997ರ ಆಗಸ್ಟ್ 13ರಂದು ಮುಖ್ಯ ನ್ಯಾಯಮೂರ್ತಿ ಜೆ.ಎಸ್. ವರ್ಮಾ, ನ್ಯಾಯಮೂರ್ತಿ ಸುಜಾತಾ ಮನೋಹರ್ ಮತ್ತು ನ್ಯಾಯಮೂರ್ತಿ ಬಿ.ಎನ್. ಕಿರ್ಪಾಲ್ ಅವರ ಪೀಠ ಉತ್ತರ ಕೊಟ್ಟಿತು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳವು ಸಂವಿಧಾನ ಕೊಟ್ಟ ಸಮಾನತೆಯ, ಜೀವನದ, ಉದ್ಯೋಗದ ಹಕ್ಕುಗಳ ಉಲ್ಲಂಘನೆ, ಪ್ರತಿ ಸಂಸ್ಥೆಯಲ್ಲೂ ಮಹಿಳೆಯ ಅಧ್ಯಕ್ಷತೆಯ ದೂರು ಸಮಿತಿ ಇರತಕ್ಕದ್ದು ಎಂದು ವಿಧಿಸಿತು. ಸಂಸತ್ತು ಕಾನೂನು ಮಾಡುವವರೆಗೆ ಇದೇ ಕಾನೂನು ಎಂದಿತು. ಸಂಸತ್ತಿಗೆ ಹದಿನಾರು ವರ್ಷ ಬೇಕಾಯಿತು. ಕಾನೂನು 2013ರಲ್ಲಿ ಆಗಿ, ಆ ವರ್ಷದ ಡಿಸೆಂಬರ್ 9ರಿಂದ ಜಾರಿಗೆ ಬಂತು.

"ಮೈ ಮುಟ್ಟಿಲ್ಲವಲ್ಲ, ಮತ್ತೇನು?" ಎಂದು ಕೇಳುವವರಿಗೆ ಇನ್ನೊಂದು ತೀರ್ಪು ಹೇಳಬೇಕು. ದೆಹಲಿಯಲ್ಲಿ ಸಿದ್ಧ ಉಡುಪು ರಫ್ತು ಉತ್ತೇಜನ ಮಂಡಳಿಯ ಅಧಿಕಾರಿಯೊಬ್ಬ 1988ರಲ್ಲಿ ಕಚೇರಿಯ ಬೆರಳಚ್ಚುಗಾರ್ತಿಯ ಮೇಲೆ ಕೈ ಹಾಕಲು ಪ್ರಯತ್ನಿಸಿ ಕೆಲಸ ಕಳೆದುಕೊಂಡ. ಪ್ರಯತ್ನಪಟ್ಟನೇ ಹೊರತು ನಿಜಕ್ಕೂ ಕೆಡುಕು ಮಾಡಲಿಲ್ಲವೆಂದು ಹೈಕೋರ್ಟು ಅವನ ಪರ ನಿಂತಿತು. 1999ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿ ವಜಾ ಆದೇಶವನ್ನು ಎತ್ತಿಹಿಡಿಯಿತು. ಮೈ ಮುಟ್ಟಿದ್ದಕ್ಕೆ ಸಾಕ್ಷಿ ಇರಲೇಬೇಕೆಂದಿಲ್ಲ ಎಂಬುದು ಅಂದೇ ಇತ್ಯರ್ಥವಾಗಿದೆ.

ನಮ್ಮ ಸಂಘಗಳಿಗೆ ಇದು ಅನ್ವಯಿಸುತ್ತದೆಯೇ?

ಅನ್ವಯಿಸುತ್ತದೆ. ಹಲವು ಸಂಘಗಳ ಪದಾಧಿಕಾರಿಗಳು ಇದು ಬೆಂಗಳೂರಿನ ಕಂಪನಿಗಳ ಕಾನೂನೆಂದು ತಿಳಿದಿದ್ದಾರೆ. ಕಾನೂನಿನ ಪುಸ್ತಕದಲ್ಲಿ ಕೆಲಸದ ಸ್ಥಳ ಎಂದರೇನು ಎಂದು ಹೇಳುವ ಕಡೆ ಸಹಕಾರ ಸಂಘದ ಹೆಸರನ್ನು ಸ್ಪಷ್ಟವಾಗಿ ಬರೆದಿದೆ. ಇನ್ನೊಂದು ಮುಖ್ಯ ಮಾತು. ದೂರು ಕೊಡುವ ಹೆಣ್ಣು ಅಲ್ಲಿನ ನೌಕರಳೇ ಆಗಿರಬೇಕೆಂದಿಲ್ಲ. "ಯಾವುದೇ ವಯಸ್ಸಿನ, ನೌಕರಿಯಲ್ಲಿರುವ ಅಥವಾ ಇಲ್ಲದಿರುವ ಮಹಿಳೆ" ಎಂಬುದು ಕಾನೂನಿನ ಭಾವ. ಅಂದರೆ ಡೇರಿಗೆ ಹಾಲು ಹಾಕಲು ಬಂದ ಸದಸ್ಯೆ, ಸದಸ್ಯನ ಹೆಂಡತಿ, ಶಾಲೆಗೆ ಹೋಗುವ ಮುಂಚೆ ಕ್ಯಾನು ತಂದ ಮಗಳು, ಹಿಂಡಿ ಮೂಟೆಗೆ ಬಂದ ಅಜ್ಜಿ, ಎಲ್ಲರೂ ಇದರ ಆಶ್ರಯದಲ್ಲಿದ್ದಾರೆ. ಸಂಬಳದ ಕಾರ್ಯದರ್ಶಿ, ಪರೀಕ್ಷಕಿ, ಕಸಗುಡಿಸುವವರು ಇದ್ದೇ ಇದ್ದಾರೆ. ದಿನಗೂಲಿಯವರು, ತರಬೇತಿಗೆ ಬಂದವರು, ಗೌರವಧನಕ್ಕೆ ದುಡಿಯುವವರು, ಸ್ವಯಂ ಸೇವಕಿಯರು ಕೂಡ ಈ ಕಾನೂನಿನ ಮಟ್ಟಿಗೆ ನೌಕರರೇ.

ಕೆಲಸದ ಮೇಲೆ ಹೋದ ಜಾಗವೂ ಕೆಲಸದ ಸ್ಥಳವೇ. ಪಶು ಸಖಿಯರು ಈಗ ಮನೆಮನೆಗೆ ಬರುತ್ತಾರೆ, ಹೆಣ್ಣುಮಕ್ಕಳು ಪಶುವೈದ್ಯರಾಗಿ ಬರುತ್ತಾರೆ. ಅವರು ಹಸುವಿನ ಪಕ್ಕ ನಿಂತಿರುವಷ್ಟು ಹೊತ್ತು ನಿಮ್ಮ ಕೊಟ್ಟಿಗೆಯೇ ಅವರ ಕಚೇರಿ. ಅಲ್ಲಿ ಬೆದೆ, ಗರ್ಭಧಾರಣೆಯ ಮಾತು ಬಂದೇ ಬರುತ್ತದೆ. ಅದನ್ನೇ ನೆಪ ಮಾಡಿಕೊಂಡು ಎರಡರ್ಥದ ಮಾತಾಡಿ ನಗುವ ಗಂಡಸರನ್ನು ನಾನೇ ನೋಡಿದ್ದೇನೆ. ಅದು ತಮಾಷೆಯಲ್ಲ, ಕಾನೂನಿನ ಪಟ್ಟಿಯಲ್ಲಿರುವ ಕಿರುಕುಳ. ಹಾಗೆಯೇ ಒಕ್ಕೂಟದಿಂದ ನಿಮ್ಮ ಮನೆಗೆ ಬರುವ ನಮ್ಮಂಥವರೂ ಇದರಿಂದ ಹೊರಗಿಲ್ಲ.

ಮೈ ಮುಟ್ಟುವುದು, ಮೈಮೇಲೆ ಬೀಳುವುದು, ಲೈಂಗಿಕ ಬೇಡಿಕೆ ಇಡುವುದು, ಅಶ್ಲೀಲ ಬಣ್ಣದ ಮಾತು, ಅಶ್ಲೀಲ ಚಿತ್ರ ತೋರಿಸುವುದು ಅಥವಾ ಕಳಿಸುವುದು, ಬೇಡವೆಂದರೂ ಬಿಡದ ಇಂಥ ಯಾವುದೇ ನಡತೆ ಕಿರುಕುಳವೆನಿಸುತ್ತದೆ. ಒಪ್ಪಿದರೆ ಅನುಕೂಲ, ಒಪ್ಪದಿದ್ದರೆ ತೊಂದರೆ ಎಂಬ ಸೂಚನೆಯೂ ಸೇರಿದೆ. ಬಾಯಿಬಿಟ್ಟು ಹೇಳದೆ ಡಿಗ್ರಿ ಇಳಿಸಿ ತಿಳಿಸಿದರೂ ಅಷ್ಟೇ.

ದೂರು ಎಲ್ಲಿ, ಹೇಗೆ?

ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ, ಉದಾಹರಣೆಗೆ ಒಕ್ಕೂಟದ ಕಚೇರಿ, ಡೇರಿ ಘಟಕ, ಆಂತರಿಕ ಸಮಿತಿ ಇರಲೇಬೇಕು. ಅಲ್ಲಿನ ಹಿರಿಯ ಮಹಿಳಾ ಉದ್ಯೋಗಿ ಅಧ್ಯಕ್ಷೆ, ಅರ್ಧಕ್ಕೆ ಕಡಿಮೆಯಿಲ್ಲದಂತೆ ಮಹಿಳಾ ಸದಸ್ಯರು, ಹೊರಗಿನ ಸಂಸ್ಥೆಯ ಒಬ್ಬರು ಇರಬೇಕು. ಸಮಿತಿ ಮಾಡದಿದ್ದರೆ ಸಂಸ್ಥೆಗೆ ರೂ. 50,000 ವರೆಗೆ ದಂಡ. ಒಕ್ಕೂಟದ ಸಿಬ್ಬಂದಿಯಿಂದ ತೊಂದರೆಯಾದರೆ ಈ ಸಮಿತಿಗೆ ಕೊಡಬೇಕು.

ಹಳ್ಳಿಯ ಸಂಘಗಳಲ್ಲಿ ನೌಕರರು ಮೂವರೋ ನಾಲ್ವರೋ. ಅಲ್ಲಿ ಆಂತರಿಕ ಸಮಿತಿ ಇರುವುದಿಲ್ಲ. ಅದರಿಂದ ದಾರಿಯೇ ಇಲ್ಲವೆಂದು ಬಹಳ ಜನ ತಿಳಿದಿದ್ದಾರೆ, ಅದು ತಪ್ಪು. ಇಂಥ ಕಡೆಗಳಿಗೆಂದೇ ಪ್ರತಿ ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಇರಬೇಕೆಂದು ಕಾನೂನಿದೆ. ಆರೋಪ ಸಂಸ್ಥೆಯನ್ನು ನಡೆಸುವ ಮಾಲೀಕರ ಮೇಲೆಯೇ ಇದ್ದಾಗಲೂ ದೂರು ಅಲ್ಲಿಗೇ. ಸಂಘದ ಅಧ್ಯಕ್ಷರ ಮೇಲೆ ದೂರಿದ್ದರೆ ಅಧ್ಯಕ್ಷರಿಗೇ ಅರ್ಜಿ ಕೊಡಬೇಕಾದ ಪಾಡಿಲ್ಲ. ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ ಇದ್ದು, ಬಂದ ದೂರನ್ನು ಏಳು ದಿನಗಳೊಳಗೆ ಸಮಿತಿಗೆ ಕಳಿಸಬೇಕು. ಹಲವು ಜಿಲ್ಲೆಗಳಲ್ಲಿ ಇದು ಕಾಗದದ ಮೇಲೂ ಇಲ್ಲದ್ದನ್ನು ಕಂಡು ಸುಪ್ರೀಂ ಕೋರ್ಟು 2024ರ ಡಿಸೆಂಬರ್ 3ರಂದು ರಾಜ್ಯಗಳಿಗೆ ಗಡುವು ವಿಧಿಸಿತು. ಆ ಪೀಠದಲ್ಲಿದ್ದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಕೋಟೀಶ್ವರ ಸಿಂಗ್. 2025ರ ಜನವರಿ 31ರೊಳಗೆ ಸ್ಥಳೀಯ ಸಮಿತಿಗಳು ಆಗಬೇಕೆಂದರು.

ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು. ಪದೇ ಪದೇ ನಡೆದಿದ್ದರೆ ಕೊನೆಯ ಘಟನೆಯಿಂದ ಲೆಕ್ಕ. ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳ ಕಾಲಾವಕಾಶ ಕೊಡಬಹುದು. ಹಸು ಮಾರಿದ ಆ ಮೊದಲಿನ ಹೆಣ್ಣುಮಗಳ ವಿಷಯ ನನಗೆ ಅರ್ಥವಾಗುವ ಹೊತ್ತಿಗೆ ಈ ಗಡುವು ಎಂದೋ ದಾಟಿತ್ತು. ಪೊಲೀಸ್ ದೂರಿಗೆ ಈ ಮೂರು ತಿಂಗಳ ಕಟ್ಟಿಲ್ಲ. ಅದು ಬೇರೆಯ ದಾರಿ, ಎರಡನ್ನೂ ಒಟ್ಟಿಗೆ ಹಿಡಿಯಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಮಿನಂತೆ ಮೈ ಮುಟ್ಟಿದ, ಬೇಡಿಕೆ ಇಟ್ಟ ಅಪರಾಧಕ್ಕೆ ಮೂರು ವರ್ಷದವರೆಗೆ, ಅಶ್ಲೀಲ ಮಾತಿಗೆ ಒಂದು ವರ್ಷದವರೆಗೆ ಜೈಲು.

ಸಮಿತಿಯ ಮುಂದೆ ವಕೀಲರು ಬರುವಂತಿಲ್ಲ, ಎರಡೂ ಕಡೆಗೆ. ಇದು ಹಳ್ಳಿಯ ಹೆಣ್ಣುಮಕ್ಕಳಿಗೆ ಅನುಕೂಲವೆಂದೇ ನನ್ನ ಅನಿಸಿಕೆ. 90 ದಿನಗಳಲ್ಲಿ ವಿಚಾರಣೆ ಮುಗಿಯಬೇಕು, ವರದಿ ಬಂದ 60 ದಿನಗಳಲ್ಲಿ ಆಡಳಿತ ಮಂಡಳಿ ಕ್ರಮ ಕೈಗೊಳ್ಳಬೇಕು. ಊರ ಪಂಚಾಯಿತಿಯ ರಾಜಿಯ ಬಗ್ಗೆಯೂ ತಿಳಿದಿರಲಿ. ರಾಜಿ ಆಗಬಹುದು, ಆದರೆ ಹೆಣ್ಣುಮಗಳು ತಾನಾಗಿ ಕೇಳಿದರೆ ಮಾತ್ರ, ಅದೂ ಸಮಿತಿಯ ಮೂಲಕ. ಹಣ ಕೊಟ್ಟು ಮುಗಿಸುವ ರಾಜಿಗೆ ಕಾನೂನಿನಲ್ಲಿ ಜಾಗವಿಲ್ಲ. ಐದು ಸಾವಿರಕ್ಕೆ ತೀರ್ಮಾನ ಮಾಡಿದ ಆ ಹಿರಿಯರಿಗೆ ಇದು ತಿಳಿದಿರಲಿಲ್ಲ.

ಸಭೆಗಳಲ್ಲಿ ಈ ವಿಷಯ ಎತ್ತಿದಾಗಲೆಲ್ಲ ಗಂಡಸರಿಂದ ಬರುವ ಮೊದಲ ಪ್ರಶ್ನೆ: "ಸುಳ್ಳು ದೂರು ಕೊಟ್ಟರೆ?" ನ್ಯಾಯವಾದ ಪ್ರಶ್ನೆಯೇ. ಸುಳ್ಳೆಂದು ಗೊತ್ತಿದ್ದೂ ದ್ವೇಷದಿಂದ ಕೊಟ್ಟದ್ದೆಂದು ವಿಚಾರಣೆಯಲ್ಲಿ ಸಾಬೀತಾದರೆ ಅದಕ್ಕೂ ಕ್ರಮವಿದೆ. ಆದರೆ ಸಾಕ್ಷಿ ಸಾಲದೆ ಬಿದ್ದುಹೋದ ದೂರನ್ನು ಸುಳ್ಳು ದೂರೆಂದು ಎಣಿಸುವಂತಿಲ್ಲ. ಹದಿನೈದು ವರ್ಷಕ್ಕೂ ಮೇಲ್ಪಟ್ಟ ತಿರುಗಾಟದಲ್ಲಿ ನಾನು ಕಂಡದ್ದು, ಹೇಳದೆ ನುಂಗಿಕೊಂಡವರನ್ನೇ. ಹಾಲು ಹಾಕುವುದು ಬಿಟ್ಟವರ ಪಟ್ಟಿ ನಮ್ಮಲ್ಲಿ ತಿಂಗಳು ತಿಂಗಳು ತಯಾರಾಗುತ್ತದೆ, ಕಾರಣದ ಕಾಲಂನಲ್ಲಿ "ಹಸು ಮಾರಾಟ" ಎಂದಿರುತ್ತದೆ. ಈಗ ಡಿಗ್ರಿ ದೂರು ಬಂದರೆ, ಕ್ಯಾನು ಯಾರು ಒಯ್ಯುತ್ತಾರೆ ಎಂದು ನಾನು ಹಸು ನೋಡುವ ಮೊದಲೇ ಕೇಳುತ್ತೇನೆ.

ದೂರು ಬರೆಯುವ ರೀತಿ ಸರಳ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ, ಏನು, ಎಂದು, ಎಲ್ಲಿ, ಯಾರು ಎಂಬುದನ್ನು ಬರೆದರೆ ಸಾಕು. ಆರು ಪ್ರತಿ ಬೇಕು. ಹಾಲಿನ ಚೀಟಿ, ಪಾಸ್ ಪುಸ್ತಕದ ನಕಲು, ಮೊಬೈಲ್ ಸಂದೇಶ ಅಳಿಸದೆ ಇಟ್ಟುಕೊಂಡಿದ್ದರೆ ಅದು, ನೋಡಿದವರ ಹೆಸರು, ಇವನ್ನು ಜೊತೆಗಿಡಿ. ಬರೆಯಲು ಬಾರದಿದ್ದರೆ ಬರೆದುಕೊಳ್ಳಲು ಸಹಾಯ ಮಾಡುವುದು ಸಮಿತಿಯವರ ಕರ್ತವ್ಯ. ಸಮಿತಿಯ ವಿಳಾಸವನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ತಾಲ್ಲೂಕು ಅಥವಾ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬಹುದು. ದೂರವಾಣಿಯಲ್ಲಿ ಕೇಳುವವರು ಮಹಿಳಾ ಸಹಾಯವಾಣಿ 181ಕ್ಕೆ, ತುರ್ತಾದರೆ 112ಕ್ಕೆ ಕರೆ ಮಾಡಬಹುದು. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ಸಿಗುತ್ತದೆ. ಅದರ ಕಚೇರಿ ನ್ಯಾಯಾಲಯದ ಆವರಣದಲ್ಲಿರುತ್ತದೆ. ಸಂಘದ ಕಾರ್ಯದರ್ಶಿಗಳು ಈ ವಿಳಾಸ, ಸಂಖ್ಯೆಗಳನ್ನು ದರಪಟ್ಟಿಯ ಪಕ್ಕದಲ್ಲೇ ಬರೆಸಿ ಹಾಕುವುದು. ಬೆಳಗಿನ ಹೊತ್ತು ಹಾಲು ತೆಗೆದುಕೊಳ್ಳುವ ಜಾಗಕ್ಕೆ ಒಳ್ಳೆಯ ದೀಪ ಹಾಕಿಸುವ ಖರ್ಚನ್ನು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಮಂಜೂರು ಮಾಡಿಸಿಕೊಳ್ಳುವುದು.